ಎರಡನೆಯ ಇಬ್ರಾಹಿಂ ಆದಿಲ್ ಶಾಹ

ಎರಡನೆಯ ಇಬ್ರಾಹಿಂ ಆದಿಲ್ ಶಾಹ (1570–1627) ಇಂದಿನ ವಿಜಯಪುರವನ್ನು (ಹಿಂದಿನ ಬಿಜಾಪುರ) ರಾಜಧಾನಿಯಾಗಿಸಿಕೊಂಡು ಆಳಿದ ಆದಿಲ್‌ಶಾಹಿ ಮನೆತನದ ಆರನೆಯ ಸುಲ್ತಾನ. ಇಮ್ಮಡಿ ಇಬ್ರಾಹಿಂ ಎಂದೂ ಕರೆಯಲ್ಪಡುವ ಈತ 1580ರಿಂದ 1627ರವರೆಗೆ, ಒಟ್ಟು ನಲವತ್ತೇಳು ವರ್ಷ ಪಟ್ಟದಲ್ಲಿದ್ದನು. ವಿಜಯಪುರ, ಕಲಬುರಗಿ, ರಾಯಚೂರು, ಬೆಳಗಾವಿ ಸೀಮೆಗಳು ಈತನ ರಾಜ್ಯಕ್ಕೆ ಸೇರಿದ್ದವು. ಆಳ್ವಿಕೆಯ ಕೊನೆಯ ಭಾಗದಲ್ಲಿ ಬೀದರ್ ಕೂಡ ಸೇರಿತು. ಸಂಗೀತಗಾರ, ಕವಿ, ಲಿಪಿಕಾರ ಹಾಗೂ ಚಿತ್ರಕಲೆಯ ಪೋಷಕನೆಂದು ಈತ ಪ್ರಸಿದ್ಧನು. ಜನರು ಈತನನ್ನು ಜಗದ್ಗುರು ಬಾದಶಹನೆಂದು ಕರೆದರು.

ಈತನ ಆಸ್ಥಾನದಲ್ಲಿ ರಚಿತವಾದ ಚಿತ್ರಗಳು ಗಾತ್ರದಲ್ಲಿ ಚಿಕ್ಕವು, ಹೆಚ್ಚಿನವು ಒಂದು ಪುಸ್ತಕದ ಹಾಳೆಯಷ್ಟೇ ಇವೆ. ಸರಸ್ವತಿ, ಯೋಗಿನಿ, ಸೂಫಿ ಸಂತರು ಮತ್ತು ತಂಬೂರ ಹಿಡಿದ ಸ್ವಯಂ ಸುಲ್ತಾನ ಇವುಗಳ ಮುಖ್ಯ ವಸ್ತುಗಳು. ಇವುಗಳಲ್ಲಿ ಬಹುಪಾಲು ಇಂದು ಕರ್ನಾಟಕದಲ್ಲಿಲ್ಲ. ಅವು ಎಲ್ಲೆಲ್ಲಿ ಸೇರಿದವು, ಯಾರ ಕೈಗಳನ್ನು ದಾಟಿದವು ಎಂಬುದು ಈ ಸುಲ್ತಾನನ ಚರಿತ್ರೆಯದೇ ಮುಂದುವರಿದ ಭಾಗವಾಗಿದೆ. ಏಕೆಂದರೆ ಈತನ ವ್ಯಕ್ತಿತ್ವದ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹಳಷ್ಟು ಆ ಹಾಳೆಗಳಿಂದಲೇ ದೊರೆತದ್ದು.

ಬಾಲ್ಯ ಮತ್ತು ಪಟ್ಟಾಭಿಷೇಕ

ಇಬ್ರಾಹಿಮನು ಮೊದಲನೆಯ ಇಬ್ರಾಹಿಂ ಆದಿಲ್ ಶಾಹನ ಮೊಮ್ಮಗ, ರಾಜಕುಮಾರ ತಹಮಾಸ್ಪನ ಮಗ. ದೊಡ್ಡಪ್ಪನಾದ ಮೊದಲನೆಯ ಅಲಿ ಆದಿಲ್ ಶಾಹನಿಗೆ ಮಕ್ಕಳಿರಲಿಲ್ಲ. 1565ರಲ್ಲಿ ವಿಜಯನಗರದ ಸೈನ್ಯವನ್ನು ಸೋಲಿಸಿದ ಸುಲ್ತಾನರ ಕೂಟದಲ್ಲಿದ್ದ ಅಲಿಯು 1580ರಲ್ಲಿ ಅರಮನೆಯಲ್ಲಿಯೇ ಕೊಲೆಯಾದಾಗ, ಒಂಬತ್ತು ವರ್ಷದ ಬಾಲಕ ಇಬ್ರಾಹಿಂ ಪಟ್ಟವೇರಿದನು. ಅಲಿಯ ವಿಧವೆ ಚಾಂದ್ ಬೀಬಿ ಬಾಲಕನ ಪಾಲನೆಯ ಹೊಣೆ ಹೊತ್ತಳು. ಅಹಮದ್‌ನಗರದ ನಿಜಾಮ್‌ಶಾಹಿ ಮನೆತನದಲ್ಲಿ ಹುಟ್ಟಿದ ಈಕೆ ಕುದುರೆ ಸವಾರಿ, ರಾಜಕಾರಣ, ಸಂಗೀತಗಳಲ್ಲಿ ಪಳಗಿದವಳಾಗಿದ್ದಳು.

ಮುಂದಿನ ಹತ್ತು ವರ್ಷ ಅಧಿಕಾರ ಸರದಾರರ ಕೈಯಿಂದ ಕೈಗೆ ಜಾರಿತು. ಕಾಮಿಲ್ ಖಾನನ ಬಳಿಕ ಬಂದ ಕಿಶ್ವರ್ ಖಾನನು ಚಾಂದ್ ಬೀಬಿಯನ್ನು ಸತಾರಾ ಕೋಟೆಯಲ್ಲಿ ಸೆರೆಯಿಟ್ಟನು. ಹಬಶಿ ಸರದಾರ ಇಖ್ಲಾಸ್ ಖಾನನು ಅವನನ್ನು ಓಡಿಸಿ ರಾಣಿಯನ್ನು ಮರಳಿ ಕರೆತಂದನು. ಅವನನ್ನೂ ಕೆಳಗಿಳಿಸಿ 1582ರಲ್ಲಿ ಮುಂದೆ ಬಂದ ದಿಲಾವರ್ ಖಾನನು ಎಂಟು ವರ್ಷ ರಾಜ್ಯವನ್ನು ತನ್ನ ಹಿಡಿತದಲ್ಲಿಟ್ಟುಕೊಂಡನು. ಈ ಅವಧಿಯಲ್ಲಿ ರಾಜ್ಯದ ಅಧಿಕೃತ ಮತ ಶಿಯಾದಿಂದ ಸುನ್ನಿಗೆ ಬದಲಾಯಿತು. ಇಬ್ರಾಹಿಮನ ಸಹೋದರಿಯ ವಿವಾಹದ ನಿಮಿತ್ತ ಚಾಂದ್ ಬೀಬಿ ಅಹಮದ್‌ನಗರಕ್ಕೆ ತೆರಳಿದಳು. ಮುಂದೆ ಆ ನಗರವನ್ನು ಮೊಗಲರ ವಿರುದ್ಧ ರಕ್ಷಿಸಿ 1600ರಲ್ಲಿ ತನ್ನವರ ಕೈಯಿಂದಲೇ ಮಡಿದಳು.

1590ರಲ್ಲಿ ಇಪ್ಪತ್ತರ ಹರೆಯದ ಇಬ್ರಾಹಿಂ ದಿಲಾವರ್ ಖಾನನನ್ನು ಪದಚ್ಯುತಗೊಳಿಸಿ ಅಧಿಕಾರವನ್ನು ತಾನೇ ವಹಿಸಿಕೊಂಡನು. ಕೆಲಕಾಲದ ನಂತರ ಕೈಗೆ ಸಿಕ್ಕ ಆ ಹಳೆಯ ಮಂತ್ರಿಯ ಕಣ್ಣು ಕೀಳಿಸಿದನು. 1594ರಲ್ಲಿ ಬೆಳಗಾವಿಯಲ್ಲಿ ದಂಗೆಯೆದ್ದ ತಮ್ಮ ಇಸ್ಮಾಯಿಲ್ ಸಹ ಜೀವ ಕಳೆದುಕೊಂಡನು. ಸೌಮ್ಯ ಸ್ವಭಾವದ ಕಲಾರಸಿಕನೆಂದು ಈತನನ್ನು ಚಿತ್ರಿಸುವ ಜನಪ್ರಿಯ ಬರಹಗಳು ಈ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಆಳ್ವಿಕೆ

ಇಬ್ರಾಹಿಮನ ಕಾಲದ ರಾಜಕಾರಣದ ಕೇಂದ್ರದಲ್ಲಿದ್ದದ್ದು ಉತ್ತರದಿಂದ ಒತ್ತಿಬರುತ್ತಿದ್ದ ಮೊಗಲ್ ಸಾಮ್ರಾಜ್ಯ. 1600ರಲ್ಲಿ ಅಹಮದ್‌ನಗರ ಕೋಟೆ ಅಕ್ಬರನ ವಶವಾದ ಮೇಲೆ ವಿಜಯಪುರವು ಸಂಧಾನದ ಹಾದಿ ಹಿಡಿಯಿತು. ಅಕ್ಬರನ ದೂತ ಅಸದ್ ಬೇಗನು ವಿಜಯಪುರಕ್ಕೆ ಬಂದು, 1604ರಲ್ಲಿ ಸುಲ್ತಾನನ ಮಗಳನ್ನು ಮೊಗಲ್ ರಾಜಕುಮಾರ ದಾನಿಯಾಲನ ವಧುವಾಗಿ ಕರೆದೊಯ್ದನು. ಅವನು ಮರಳುವಾಗ ಒಯ್ದ ಕಾಣಿಕೆಗಳಲ್ಲಿ ತಂಬಾಕೂ ಇತ್ತು. ಅಕ್ಬರನ ಆಸ್ಥಾನಕ್ಕೆ ತಂಬಾಕು ಪರಿಚಯವಾದದ್ದು ಹೀಗೆ, ವಿಜಯಪುರದಿಂದ.

ನಿಜಾಮ್‌ಶಾಹಿಯ ಉಳಿದ ಭಾಗವನ್ನು ಕಟ್ಟಿ ನಿಲ್ಲಿಸಿದ ಹಬಶಿ ಸೇನಾನಿ ಮಲಿಕ್ ಅಂಬರನೊಡನೆ ಇಬ್ರಾಹಿಮನ ಸಂಬಂಧ ಕೆಲವೊಮ್ಮೆ ಸ್ನೇಹ, ಕೆಲವೊಮ್ಮೆ ಹಗೆ. 1619ರಲ್ಲಿ ಬರೀದ್‌ಶಾಹಿಗಳ ಬೀದರ್ ವಿಜಯಪುರಕ್ಕೆ ಸೇರಿತು. 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಮಲಿಕ್ ಅಂಬರನು ಮೊಗಲ್ ಮತ್ತು ವಿಜಯಪುರದ ಜಂಟಿ ಸೈನ್ಯವನ್ನು ಸೋಲಿಸಿ, ನೇರವಾಗಿ ವಿಜಯಪುರದತ್ತ ನುಗ್ಗಿದನು. ರಾಜಧಾನಿಯ ಕೋಟೆ ಉಳಿಯಿತು. ಅದರ ಪಶ್ಚಿಮಕ್ಕೆ ಇಬ್ರಾಹಿಂ ಕಟ್ಟಿಸುತ್ತಿದ್ದ ಹೊಸ ನಗರ ಮಾತ್ರ ಹಾಳಾಯಿತು.

ನವರಸ ಮತ್ತು ಸುಲ್ತಾನನ ಭಕ್ತಿ

ಆ ಹೊಸ ನಗರದ ಹೆಸರು ನವರಸಪುರ. 1599ರಲ್ಲಿ ತೊರವಿಯ ಬಳಿ ಇದರ ನಿರ್ಮಾಣ ಆರಂಭವಾಯಿತು. ತೊರವಿಯು ಕನ್ನಡಿಗರಿಗೆ ಕುಮಾರ ವಾಲ್ಮೀಕಿಯ ರಾಮಾಯಣದಿಂದ ಮತ್ತು ಅಲ್ಲಿನ ನರಸಿಂಹನ ಗುಡಿಯಿಂದ ಮೊದಲೇ ಪರಿಚಿತವಾದ ಊರು. ಕವಿಗಳು, ಗಾಯಕರು, ಕುಶಲಕರ್ಮಿಗಳು ನೆಲೆಸಬೇಕಾದ ನಗರವಾಗಿ ನವರಸಪುರವನ್ನು ಯೋಜಿಸಲಾಗಿತ್ತು. ಭಾರತೀಯ ಕಾವ್ಯಮೀಮಾಂಸೆಯ ಒಂಬತ್ತು ರಸಗಳನ್ನು ಸೂಚಿಸುವ ಈ ಪದ ಸುಲ್ತಾನನನ್ನು ಎಷ್ಟು ಆವರಿಸಿತ್ತೆಂದರೆ ನಗರಕ್ಕೆ, ಮುದ್ರೆಗೆ, ಹಬ್ಬಕ್ಕೆ, ಕೊನೆಗೆ ತನ್ನ ಗ್ರಂಥಕ್ಕೆ ಸಹ ಅದನ್ನೇ ಇಟ್ಟನು. ಪಾರಸಿಯಲ್ಲಿ ಅದೇ ಉಚ್ಚಾರಣೆಯ ಪದಕ್ಕೆ ಹೊಸದಾಗಿ ಮಾಗಿದ್ದು ಎಂಬ ಅರ್ಥವೂ ಬರುವುದರಿಂದ ಆಸ್ಥಾನದ ಎರಡೂ ಭಾಷಾವರ್ಗದವರಿಗೆ ಅದು ಹಿತವಾಗಿತ್ತು.

ಆ ಗ್ರಂಥವೇ ಕಿತಾಬ್-ಎ-ನವರಸ. ದಖ್ಖನಿ ನುಡಿಯಲ್ಲಿ, ಸಂಸ್ಕೃತ ಮತ್ತು ಬ್ರಜ ಪದಗಳು ಧಾರಾಳವಾಗಿ ಬೆರೆತ ಶೈಲಿಯಲ್ಲಿ ಸುಲ್ತಾನನೇ ರಚಿಸಿದ ಹಾಡುಗಳ ಸಂಗ್ರಹವಿದು. ಇದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಹಾಡುಗಳನ್ನು ರಾಗಗಳಿಗೆ ಅನುಸಾರವಾಗಿ ಜೋಡಿಸಲಾಗಿದೆ. ಗ್ರಂಥವು ಸರಸ್ವತಿಯ ಸ್ಮರಣೆಯಿಂದ ತೊಡಗುತ್ತದೆ. ಗಣಪತಿ, ಶಿವಪಾರ್ವತಿಯರು ಹಾಡುಗಳ ವಸ್ತುವಾಗುತ್ತಾರೆ. ಅದೇ ಸಂಗ್ರಹದಲ್ಲಿ ಪ್ರವಾದಿ ಮುಹಮ್ಮದರ ಸ್ತುತಿಯಿದೆ, ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸೂದರಾಜರ ಸ್ತುತಿಯೂ ಇದೆ. ಬಹಮನಿ ಸುಲ್ತಾನ ಫಿರೋಜ್ ಷಾಹನ ಕಾಲದಲ್ಲಿ ದೆಹಲಿಯ ಕಡೆಯಿಂದ ಬಂದು 1422ರಲ್ಲಿ ಕಲಬುರಗಿಯಲ್ಲಿ ನಿಧನರಾದ ಈ ಸಂತರ ದರ್ಗಾವು ಆದಿಲ್‌ಶಾಹಿಗಳ ಕಾಲದಲ್ಲಿಯೂ ದಖ್ಖನಿನ ಮುಖ್ಯ ಯಾತ್ರಾಸ್ಥಳವಾಗಿತ್ತು. ಇವಲ್ಲದೆ ಸುಲ್ತಾನನ ಪ್ರೀತಿಯ ಆನೆ ಆತಿಶ್ ಖಾನ್, ರಾಣಿ ಚಾಂದ್ ಸುಲ್ತಾನ್ ಮತ್ತು ಮೋತಿ ಖಾನ್ ಎಂದು ಹೆಸರಿಟ್ಟಿದ್ದ ತಂಬೂರವೂ ಹಾಡುಗಳಲ್ಲಿ ಬರುತ್ತವೆ.

ದೇವಿಯೊಬ್ಬಳನ್ನು ತಾಯಿಯೆಂದು ಕರೆದುಕೊಂಡ ಮುಸ್ಲಿಂ ಅರಸನ ಮತ ಯಾವುದು ಎಂಬ ಪ್ರಶ್ನೆ ಅವನ ಕಾಲದಿಂದಲೂ ಚರ್ಚೆಯಲ್ಲಿದೆ. ಅವನು ಹಿಂದೂ ಧರ್ಮವನ್ನು ಸ್ವೀಕರಿಸಿದ್ದನೆಂಬ ಜನಜನಿತ ಹೇಳಿಕೆಗೆ ಗ್ರಂಥದಲ್ಲಿ ಆಧಾರವಿಲ್ಲ. ಪ್ರವಾದಿಯನ್ನೂ ಬಂದೇ ನವಾಜರನ್ನೂ ಕೊಂಡಾಡಿದವನು ತನ್ನ ಮತವನ್ನು ತೊರೆದವನಲ್ಲ. ಇದಕ್ಕೆ ಎದುರಾಗಿ, ಸರಸ್ವತಿಯ ಸ್ತುತಿ ಕೇವಲ ಕಾವ್ಯಸಂಪ್ರದಾಯ, ಹೆಚ್ಚೆಂದರೆ ಪ್ರಜೆಗಳ ಮನವೊಲಿಸುವ ರಾಜನೀತಿ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ರಾಜನೀತಿಯ ಸ್ತುತಿ ಶಾಸನದಲ್ಲಿ, ದರಬಾರಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು. ಇಬ್ರಾಹಿಮನ ಭಕ್ತಿಯಾದರೋ ಒಬ್ಬಿಬ್ಬರು ಮಾತ್ರ ಕೈಯಲ್ಲಿ ಹಿಡಿದು ನೋಡಬಹುದಾದ ಹಾಳೆಗಳಲ್ಲಿಯೂ ಕಾಣಿಸಿಕೊಂಡಿದೆ. ಈ ಕಾರಣದಿಂದ ಚಿಕ್ಕ ಚಿತ್ರಗಳ ಸಾಕ್ಷ್ಯಕ್ಕೆ ವಿಶೇಷ ಬೆಲೆ ಬಂದಿದೆ.

ಆಸ್ಥಾನದ ವಿದ್ವಾಂಸರು ಮತ್ತು ಚಿತ್ರಕಾರರು

ಇರಾನಿನಿಂದ ಬಂದ ಕವಿ ಜುಹೂರಿಯು ಕಿತಾಬ್-ಎ-ನವರಸಕ್ಕೆ ಪಾರಸಿ ಮುನ್ನುಡಿ ಬರೆದನು. ಅವನ ಮಾವ ಮಲಿಕ್ ಕುಮ್ಮಿಯೂ ಇಲ್ಲಿಯೇ ಇದ್ದನು. ಇತಿಹಾಸಕಾರ ಫಿರಿಶ್ತಾ ತನ್ನ ಪ್ರಸಿದ್ಧ ಚರಿತ್ರೆಯನ್ನು ಬರೆದದ್ದು ಇಬ್ರಾಹಿಮನ ಆಶ್ರಯದಲ್ಲಿ. ಆ ಕೃತಿಗೆ ಗುಲ್ಶನ್-ಎ-ಇಬ್ರಾಹಿಮಿ ಎಂಬ ಇನ್ನೊಂದು ಹೆಸರಿರುವುದೂ ಅದಕ್ಕಾಗಿಯೇ. ಕವಿ ಅಬ್ದುಲ್ 1603ರಲ್ಲಿ ದಖ್ಖನಿಯಲ್ಲಿ ಇಬ್ರಾಹಿಂ ನಾಮಾ ರಚಿಸಿದನು. ಲಿಪಿಕಾರ ಖಲೀಲುಲ್ಲಾನು ಕಿತಾಬ್-ಎ-ನವರಸದ ಪ್ರತಿಯೊಂದನ್ನು ಅಂದವಾಗಿ ಬರೆದೊಪ್ಪಿಸಿ ಲೇಖನಿಯ ಬಾದಶಹನೆಂಬ ಬಿರುದು ಪಡೆದನು.

ಚಿತ್ರಕಾರರಲ್ಲಿ ಹೆಸರು ಉಳಿದವನು ಫರ್ರುಖ್ ಹುಸೇನ್. ಜುಹೂರಿಯ ಬರಹದಲ್ಲಿ ಇವನ ಪ್ರಶಂಸೆಯಿದೆ. 1604ರ ಸುಮಾರಿನ ಸರಸ್ವತಿಯ ಚಿತ್ರವೊಂದರಲ್ಲಿ ಇವನ ಹೆಸರಿದೆ. ಬಿಳಿಯುಟ್ಟ ದೇವಿ ಚಿನ್ನದ ಸಿಂಹಾಸನದಲ್ಲಿ ಕುಳಿತು ವೀಣೆ ನುಡಿಸುತ್ತಿರುವ ಈ ಚಿತ್ರದ ಮೇಲಿನ ಬರಹವು ಇಬ್ರಾಹಿಮನಿಗೆ ಗುರು ಗಣಪತಿಯು ತಂದೆಯೆಂದೂ ಪವಿತ್ರಳಾದ ಸರಸ್ವತಿಯು ತಾಯಿಯೆಂದೂ ಹೇಳುತ್ತದೆ. ಇದೇ ಭಾವ ಕಿತಾಬ್-ಎ-ನವರಸದಲ್ಲಿಯೂ ಇದೆ. ಕರ್ನಾಟಕದ ಗುಡಿಗಳ ಶಿಲ್ಪದಲ್ಲಿ ಕಾಣುವ ವೀಣಾಪಾಣಿಯನ್ನು ಇರಾನಿ ತರಬೇತಿಯ ಕುಂಚವೊಂದು ಅರಮನೆಯ ಸಿಂಹಾಸನದ ಮೇಲೆ ಕೂರಿಸಿದ ಅಪರೂಪದ ಕೃತಿ ಇದು.

ಇದೇ ವರ್ಷಗಳ ಇನ್ನೊಂದು ಹೆಸರಾಂತ ಚಿತ್ರ ಮೈನಾ ಹಕ್ಕಿ ಹಿಡಿದ ಯೋಗಿನಿಯದು. ಜಡೆಯನ್ನು ನೆತ್ತಿಯ ಮೇಲೆ ತುರುಬು ಕಟ್ಟಿದ, ಆದರೆ ಮೈತುಂಬ ಆಭರಣ ತೊಟ್ಟ ಯೋಗಿನಿಯೊಬ್ಬಳು ಹಕ್ಕಿಯನ್ನು ಮುಖದ ಸಮೀಪ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಅವಳಷ್ಟೇ ಎತ್ತರವಾಗಿ ಬೆಳೆದಂತೆ ತೋರುವ ಹೂಗಿಡಗಳು, ದೂರದಲ್ಲಿ ಬಿಳಿಯ ಅರಮನೆ. ವಿರಕ್ತಿ ಮತ್ತು ವೈಭವ ಎರಡನ್ನೂ ಒಬ್ಬಳ ಮೈಮೇಲೆ ಒಟ್ಟಿಗೆ ತಂದಿರುವ ಈ ಚಿತ್ರಕಾರನ ಹೆಸರು ಹಾಳೆಯಲ್ಲಿಲ್ಲ.

ಸುಲ್ತಾನನ ಭಾವಚಿತ್ರಗಳು ಹಲವು. ಕೆಲವುಗಳಲ್ಲಿ ಈತ ಕೊರಳಿಗೆ ರುದ್ರಾಕ್ಷಿಮಾಲೆ ಧರಿಸಿದ್ದಾನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, 1615ರ ಆಸುಪಾಸಿನ ಚಿತ್ರದಲ್ಲಿ ಕೈಯಲ್ಲಿ ಕರತಾಳವಿದೆ. ಖಡ್ಗ ಹಿಡಿದು ನಿಲ್ಲಬೇಕಾದ ಕಡೆ ತಾಳ ಹಿಡಿದು ನಿಂತ ಅರಸ ಸಮಕಾಲೀನ ರಾಜಚಿತ್ರಗಳಲ್ಲಿ ಬೇರೆ ಸಿಗುವುದು ಕಷ್ಟ.

ಯೂರೋಪಿನ ಮುದ್ರಿತ ಚಿತ್ರಗಳ ಸಂಪರ್ಕ

ಈ ಕಾಲದಲ್ಲಿ ಯೂರೋಪಿನ ಪುನರುಜ್ಜೀವನ ಕಾಲದ ಧಾರ್ಮಿಕ ಚಿತ್ರಗಳೂ ಭಾರತಕ್ಕೆ ಬರುತ್ತಿದ್ದವು. 1510ರಲ್ಲಿ ಆದಿಲ್‌ಶಾಹಿಗಳಿಂದ ಪೋರ್ಚುಗೀಸರು ಗೆದ್ದುಕೊಂಡ ಗೋವೆ ಅವುಗಳ ಹೆಬ್ಬಾಗಿಲಾಗಿತ್ತು. ದೊಡ್ಡ ವರ್ಣಚಿತ್ರಗಳನ್ನು ಹಡಗಿನಲ್ಲಿ ತರುವುದು ಕಷ್ಟ. ತಾಮ್ರದ ತಗಡಿನಲ್ಲಿ ಕೊರೆದು ಕಾಗದದ ಮೇಲೆ ಅಚ್ಚೊತ್ತಿದ ಚಿಕ್ಕ ಚಿತ್ರಗಳು ಪುಸ್ತಕದ ನಡುವೆ ಅಡಗಿ ಬರುತ್ತಿದ್ದವು. 1580ರಲ್ಲಿ ಗೋವೆಯಿಂದ ಅಕ್ಬರನ ಆಸ್ಥಾನಕ್ಕೆ ಹೋದ ಜೆಸ್ಯೂಟ್ ಪಾದ್ರಿಗಳು ಆಂಟ್‌ವರ್ಪ್‌ನಲ್ಲಿ ಮುದ್ರಿತವಾದ ಸಚಿತ್ರ ಬೈಬಲ್ಲನ್ನು ಕಾಣಿಕೆಯಾಗಿತ್ತರು.

ಇಂಥ ಹಾಳೆಗಳನ್ನು ನೋಡಿ ಭಾರತೀಯ ಚಿತ್ರಕಾರರು ಬರೆದ ರೇಖಾಚಿತ್ರಗಳಲ್ಲಿ ಒಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1511ರಲ್ಲಿ ಕೊರೆದ ಶಿಲುಬೆಯ ದೃಶ್ಯದಿಂದ ಸಂತ ಯೋಹಾನನ ಆಕೃತಿಯೊಂದನ್ನೇ ಬಿಡಿಸಿಕೊಂಡು, ಹದಿಮೂರು ವರ್ಷದ ಅಬುಲ್ ಹಸನ್ 1600ರಲ್ಲಿ ರಾಜಕುಮಾರ ಸಲೀಮನಿಗಾಗಿ ಅದನ್ನು ರಚಿಸಿದನು. ಮುಂದೆ ಜಹಾಂಗೀರನ ಪ್ರಮುಖ ಚಿತ್ರಕಾರನಾದ ಇವನ ಈ ಬಾಲ್ಯದ ಕೃತಿ ಸಂಗ್ರಾಹಕ ಜೆರಾಲ್ಡ್ ರೈಟ್ಲಿಂಗರ್‌ನ ಕೊಡುಗೆಯ ಭಾಗವಾಗಿ 1978ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯ ಸೇರಿತು.

ವಿಜಯಪುರಕ್ಕೆ ಚಿತ್ರಗಳಷ್ಟೇ ಅಲ್ಲ, ಚಿತ್ರಕಾರನೇ ಬಂದನು. ಹಾಲೆಂಡಿನ ಹಾರ್ಲೆಮ್ ನಗರದ ಕಾರ್ನೆಲಿಸ್ ಕ್ಲಾಸ್ ಹೇಡಾ ಪ್ರಾಗ್ ಮತ್ತು ಗೋವೆಗಳ ಮೂಲಕ 1610ರ ಸುಮಾರಿಗೆ ಇಲ್ಲಿಗೆ ತಲುಪಿ ಇಬ್ರಾಹಿಮನ ಸೇವೆಗೆ ಸೇರಿದನು. ಡಚ್ ವ್ಯಾಪಾರಿಗಳೊಡನೆ ಅವನ ಪತ್ರವ್ಯವಹಾರ ನಡೆಯುತ್ತಿದ್ದುದರಿಂದ ಅವನ ಜೀವನದ ವಿವರಗಳು ಉಳಿದಿವೆ. ಫರ್ರುಖನ ಮುಂದಿನ ಕೆಲಸದಲ್ಲಿಯೂ ಯೂರೋಪಿನ ಪರಿಚಯ ಎದ್ದು ಕಾಣುತ್ತದೆ. 1591ರಲ್ಲಿ ಮಾರ್ಟೆನ್ ಡಿ ವೋಸ್‌ನ ಚಿತ್ರವನ್ನು ಆಧರಿಸಿ ರಾಫೆಲ್ ಸಾಡೆಲರ್ ಕೊರೆದ, ದುಃಖದ ರೂಪಕವಾದ ವೃದ್ಧನ ಚಿತ್ರವನ್ನು ಅವನು 1615ರಲ್ಲಿ ಮೊಗಲ್ ಆಸ್ಥಾನದಲ್ಲಿದ್ದಾಗ ವರ್ಣದಲ್ಲಿ ಮರುರಚಿಸಿದನು. ಸಂತ ಜೆರೋಮನ ಚಿತ್ರವೆಂದು ಹೆಸರಾದ ಇದು ಈಗ ಕತಾರಿನ ದೋಹಾದಲ್ಲಿರುವ ಇಸ್ಲಾಮಿಕ್ ಕಲಾ ಸಂಗ್ರಹಾಲಯದಲ್ಲಿದೆ.

ಕೊನೆಯ ದಿನಗಳು ಮತ್ತು ಸಮಾಧಿ

ಇಬ್ರಾಹಿಂ 1627ರ ಸೆಪ್ಟೆಂಬರ್‌ನಲ್ಲಿ ನಿಧನನಾದನು. ಮಗ ಮುಹಮ್ಮದ್ ಆದಿಲ್ ಶಾಹ ಪಟ್ಟಕ್ಕೆ ಬಂದನು; ಗೋಳಗುಮ್ಮಟ ಅವನ ಸಮಾಧಿ. ಇಬ್ರಾಹಿಮನನ್ನು ನಗರದ ಪಶ್ಚಿಮ ಬಾಗಿಲಿನ ಹೊರಗೆ, ಇಬ್ರಾಹಿಂ ರೋಜಾ ಎಂದು ಹೆಸರಾದ ಆವರಣದಲ್ಲಿ ಸಮಾಧಿ ಮಾಡಲಾಗಿದೆ. ಮೂಲತಃ ಈ ಕಟ್ಟಡ ರಾಣಿ ತಾಜ್ ಸುಲ್ತಾನಳಿಗಾಗಿ ಯೋಜಿತವಾದದ್ದು. ಮಲಿಕ್ ಸಂದಲನು ಇದನ್ನು ನಿರ್ಮಿಸಿದನೆಂದೂ, ಒಂದೂವರೆ ಲಕ್ಷ ಹೊನ್ನಿಗಿಂತ ಸ್ವಲ್ಪ ಹೆಚ್ಚು ವೆಚ್ಚವಾಯಿತೆಂದೂ ಅಲ್ಲಿನ ಶಾಸನಗಳಿಂದ ತಿಳಿದುಬರುತ್ತದೆ. ಸಮಾಧಿಯ ಗೋಡೆ, ಕಿಟಕಿಗಳ ಮೇಲೆಲ್ಲ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆಯಲಾಗಿದೆ. ರಾಣಿಯ ಹೆಸರು ಕಲಬುರಗಿಯವರಿಗೆ ತಮ್ಮ ನೆರೆಯ ತಾಜಸುಲ್ತಾನಪುರವನ್ನು ನೆನಪಿಸಬಹುದು. ಆದರೆ ತಾಜ್ ಎಂಬುದು ಬಹಮನಿಗಳ ಕಾಲದಿಂದ ಬಳಕೆಯಲ್ಲಿದ್ದ ಬಿರುದಾದ್ದರಿಂದ ಹೆಸರಿನ ಹೋಲಿಕೆಯೊಂದರಿಂದಲೇ ಸಂಬಂಧ ಕಲ್ಪಿಸುವುದು ಸರಿಯಲ್ಲ.

ಚಿತ್ರಗಳ ಚದುರುವಿಕೆ

ಇಬ್ರಾಹಿಮನ ಸಂಗ್ರಹ ಒಮ್ಮೆಲೇ ಹೋದದ್ದಲ್ಲ. ಒಂದೆರಡು ಹಾಳೆಗಳು ಅವನ ಜೀವಿತಕಾಲದಲ್ಲಿಯೇ ಹೊರಗೆ ಹೋಗಿದ್ದವು. ತಂಬೂರ ನುಡಿಸುತ್ತ ಕುಳಿತಿರುವ ಸುಲ್ತಾನನ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಜಹಾಂಗೀರನಿಗೆ ಚಿತ್ರಗಳನ್ನು ಕೂಡಿಸಿ, ಅಲಂಕೃತ ಅಂಚುಗಳ ನಡುವೆ ಅಂಟಿಸಿ, ಮುರಕ್ಕಾ ಎಂಬ ಸಂಪುಟಗಳನ್ನು ಕಟ್ಟಿಸುವ ಹವ್ಯಾಸವಿತ್ತು. ಅವನ ಅಂಥ ಸಂಪುಟವೊಂದರಲ್ಲಿ ಈ ಚಿತ್ರವೂ ಸೇರಿತು. ಪ್ರಸಿದ್ಧ ಲಿಪಿಕಾರ ಕಾಶ್ಮೀರದ ಮುಹಮ್ಮದ್ ಹುಸೇನನು ಹಿಜರಿ 1019ರಲ್ಲಿ, ಅಂದರೆ ಕ್ರಿ.ಶ. 1610–11ರಲ್ಲಿ, ಚಿತ್ರದಲ್ಲಿರುವವನು ವಿಜಯಪುರದ ಒಡೆಯ ಇಬ್ರಾಹಿಮನೆಂದೂ ಬರೆದವನು ಫರ್ರುಖ್ ಬೇಗನೆಂದೂ ಅದರ ಮೇಲೆ ದಾಖಲಿಸಿದನು. ಹೀಗೆ ಇಬ್ರಾಹಿಂ ಇನ್ನೂ ಆಳುತ್ತಿರುವಾಗಲೇ ಅವನ ಚಿತ್ರ ಅವನ ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಸಾಮ್ರಾಟನ ಪುಸ್ತಕದಲ್ಲಿತ್ತು. ಆ ಹಾಳೆ ಈಗ ಪ್ರಾಗ್‌ನ ನಾಪ್ರಸ್ಟೆಕ್ ಸಂಗ್ರಹಾಲಯದಲ್ಲಿದೆ.

ದೊಡ್ಡ ಪೆಟ್ಟು ಬಿದ್ದದ್ದು 1686ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದು ಕೊನೆಯ ಸುಲ್ತಾನ ಸಿಕಂದರನನ್ನು ಸೆರೆಹಿಡಿದನು. ಅದಕ್ಕೂ ಮೊದಲೇ ರಾಜಧಾನಿಯನ್ನು ತೊರೆದು ಆದವಾನಿ ಕೋಟೆಯಲ್ಲಿ ನೆಲೆಸಿದ್ದ ಹಬಶಿ ಸರದಾರ ಸಿದ್ದಿ ಮಸೂದನು ಚಿತ್ರಗಳ ಅಭಿಮಾನಿಯಾಗಿದ್ದನು. ಕೆಲವೇ ವರ್ಷಗಳಲ್ಲಿ ಆದವಾನಿಯೂ ಬಿದ್ದಿತು. ಮೊಗಲ್ ಪಕ್ಷದಲ್ಲಿದ್ದ ಬಿಕಾನೇರದ ಮಹಾರಾಜ ಅನೂಪ್ ಸಿಂಹನು ಅಲ್ಲಿಂದ ಆಯುಧಗಳನ್ನೂ ಕಲಾವಸ್ತುಗಳನ್ನೂ ಮರುಭೂಮಿಯ ತನ್ನ ರಾಜಧಾನಿಗೆ ಸಾಗಿಸಿದನು. ಈತ ಸಂಸ್ಕೃತ ಹಸ್ತಪ್ರತಿಗಳನ್ನು ಸಂಗ್ರಹಿಸಿದ ವಿದ್ಯಾಭಿಮಾನಿಯೂ ಹೌದು. ಬಿಕಾನೇರದ ಅರಮನೆಯ ಆಯುಧಗಳ ಮೇಲೆ ಆದವಾನಿಯ ಹೆಸರನ್ನು ದೇವನಾಗರಿಯಲ್ಲಿ ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಇಬ್ರಾಹಿಮನ ಕಾಲದ ಚಿತ್ರಗಳೂ ಬಿಕಾನೇರದ ಸಂಗ್ರಹದಲ್ಲಿ ದೊರೆತಿವೆ.

ದೆಹಲಿಗೆ ಸೇರಿದ್ದ ಹಾಳೆಗಳ ಪ್ರಯಾಣವೂ ಅಲ್ಲಿಗೆ ಮುಗಿಯಲಿಲ್ಲ. 1739ರಲ್ಲಿ ನಾದಿರ್ ಷಾಹನು ದೆಹಲಿಯನ್ನು ಸೂರೆ ಮಾಡಿದಾಗ ಮೊಗಲ್ ಗ್ರಂಥಭಂಡಾರದ ಅನೇಕ ಸಂಪುಟಗಳು ಇರಾನಿಗೆ ಹೋದವು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ಭಾರತೀಯ ಚಿತ್ರಗಳನ್ನು ಹೊಸ ಅಂಚುಗಳೊಂದಿಗೆ ಜೋಡಿಸಿದ ಒಂದು ಸಂಪುಟದಲ್ಲಿ ಇಬ್ರಾಹಿಂ ಡೇಗೆಯೊಡನೆ ಬೇಟೆಗೆ ಹೊರಟ ಚಿತ್ರವಿದೆ. ಆ ಸಂಪುಟವನ್ನು 1909ರಲ್ಲಿ ತೆಹ್ರಾನಿನಲ್ಲಿ ಕೊಂಡು ರಷ್ಯಾದ ಚಕ್ರವರ್ತಿ ಎರಡನೆಯ ನಿಕೊಲಾಸನಿಗೆ ಒಪ್ಪಿಸಲಾಯಿತು. ಕ್ರಾಂತಿಯ ಬಳಿಕ ಅದು ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಚ್ಯ ಹಸ್ತಪ್ರತಿಗಳ ಭಂಡಾರಕ್ಕೆ ಸೇರಿತು. ವಿಜಯಪುರ, ದೆಹಲಿ, ಇರಾನ್, ರಷ್ಯಾ: ಒಂದು ಹಾಳೆ ಮೂರು ಸಾಮ್ರಾಜ್ಯಗಳ ಪತನವನ್ನು ದಾಟಿ ಬಂದಿದೆ.

ಯೋಗಿನಿಯ ಚಿತ್ರದ ದಾರಿ ಬೇರೆ. ಗಣಿ ಉದ್ಯಮದಲ್ಲಿ ಸಿರಿವಂತನಾದ ಅಮೆರಿಕದ ಆಲ್ಫ್ರೆಡ್ ಚೆಸ್ಟರ್ ಬೀಟಿ (1875–1968) ಪೂರ್ವದೇಶಗಳ ಹಸ್ತಪ್ರತಿಗಳನ್ನು ಕೊಳ್ಳುತ್ತ ಬಂದವನು. 1950ರಲ್ಲಿ ಅವನು ಐರ್ಲೆಂಡಿನ ಡಬ್ಲಿನ್‌ನಲ್ಲಿ ನೆಲೆಸಿ ಗ್ರಂಥಾಲಯ ಸ್ಥಾಪಿಸಿದನು; ಅವನ ಮರಣಾನಂತರ ಸಂಗ್ರಹವು ಸಾರ್ವಜನಿಕರ ಉಪಯೋಗಕ್ಕೆ ಸಂದಿತು. ಯೋಗಿನಿ ಈಗ ಅಲ್ಲಿದ್ದಾಳೆ. ಮೊದಲನೆಯ ಅಲಿಯ ಕಾಲದ, 1570ರ ಜ್ಯೋತಿಷ್ಯ ಮತ್ತು ತಂತ್ರವಿದ್ಯೆಯ ಸಚಿತ್ರ ಗ್ರಂಥ ನುಜೂಮ್-ಅಲ್-ಉಲೂಮ್ ಕೂಡ ಅದೇ ಗ್ರಂಥಾಲಯದ ಸೊತ್ತು.

ವಿಜಯಪುರದಲ್ಲಿಯೇ ಉಳಿದ ಗ್ರಂಥಗಳು ಆಸಾರ್ ಮಹಲಿನಲ್ಲಿದ್ದವು. ಮುಹಮ್ಮದ್ ಆದಿಲ್ ಶಾಹನು ನ್ಯಾಯಸಭೆಗಾಗಿ ಕಟ್ಟಿಸಿದ ಈ ಕಟ್ಟಡದಲ್ಲಿ ಅನಂತರ ಪ್ರವಾದಿಯ ಪವಿತ್ರ ಕೇಶವನ್ನು ಇರಿಸಿದ್ದರಿಂದ ಅದಕ್ಕೆ ಪಾವಿತ್ರ್ಯ ಬಂದಿತ್ತು. ಗ್ರಂಥಗಳು ಉಳಿಯಲು ಅದೂ ಒಂದು ಕಾರಣವಿರಬೇಕು. ಆದರೆ ಹುಳು, ತೇವಗಳಿಂದ ಅವುಗಳಿಗೆ ರಕ್ಷಣೆ ಇರಲಿಲ್ಲ. 1853ರಲ್ಲಿ ಬ್ರಿಟಿಷ್ ಅಧಿಕಾರಿಗಳು ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಿದರು. ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿದ್ದ ಈ ಬಿಜಾಪುರ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬಹುತೇಕ ಅರಬ್ಬಿಯಲ್ಲಿರುವ ಆ ಗ್ರಂಥಗಳಲ್ಲಿ ಹಲವುಗಳ ಮೇಲೆ ಆದಿಲ್‌ಶಾಹಿ ಗ್ರಂಥಭಂಡಾರದ ಮೊಹರುಗಳಿವೆ. ಸಾಗಿಸಿದ್ದು ರಕ್ಷಣೆಯೋ ಅಪಹರಣವೋ ಎಂಬ ಪ್ರಶ್ನೆಗೆ ಎರಡೂ ಕಡೆ ಸತ್ಯವಿದೆ: ಗೆದ್ದಲಿನಿಂದ ಅವು ಪಾರಾದವು, ಆದರೆ ಅವುಗಳನ್ನು ಓದಬಲ್ಲ ಊರಿನ ಮೌಲ್ವಿಗಳಿಗೆ ಎಟುಕದಾದವು.

ಚಿತ್ರಕಾರರ ಗುರುತಿಸುವಿಕೆ

ಹಾಳೆಗಳು ಹೀಗೆ ಚದುರಿದ್ದರಿಂದ ಅವುಗಳ ಕರ್ತೃಗಳ ಹೆಸರೂ ಕಳೆದುಹೋಯಿತು. ಕಲಾ ಇತಿಹಾಸಕಾರ ಮಾರ್ಕ್ ಜೆಬ್ರೌಸ್ಕಿ 1983ರಲ್ಲಿ ದಖ್ಖನಿ ಚಿತ್ರಕಲೆಯ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಶೈಲಿಯನ್ನು ಹೋಲಿಸಿ ಚಿತ್ರಗಳನ್ನು ಗುಂಪುಗೂಡಿಸಿ, ಹೆಸರು ತಿಳಿಯದ ಚಿತ್ರಕಾರರನ್ನು ಚಿತ್ರವಿರುವ ಸ್ಥಳದಿಂದ ಗುರುತಿಸಿದನು. ಹೀಗೆ ವಿಜಯಪುರದಲ್ಲಿ ದುಡಿದವರಿಗೆ ಡಬ್ಲಿನ್ ಚಿತ್ರಕಾರ, ಬಿಕಾನೇರ್ ಚಿತ್ರಕಾರ, ಲೆನಿನ್‌ಗ್ರಾಡ್ ಚಿತ್ರಕಾರ, ಬಾಡ್ಲಿಯನ್ ಚಿತ್ರಕಾರ ಎಂಬ ಹೆಸರುಗಳು ಬಂದವು. ಇವರಲ್ಲಿ ಬಾಡ್ಲಿಯನ್ ಚಿತ್ರಕಾರನನ್ನು ಈಗ ಅಲಿ ರಜಾ ಎಂದು ಗುರುತಿಸಲಾಗಿದೆ.

ಫರ್ರುಖನ ವಿಷಯದಲ್ಲಿ ಒಗಟು ಬಿಡಿಸಿದವನು ರಾಬರ್ಟ್ ಸ್ಕೆಲ್ಟನ್. ಮೊಗಲ್ ದಾಖಲೆಗಳಲ್ಲಿ ಫರ್ರುಖ್ ಬೇಗನೆಂಬ ಹೆಸರಾಂತ ಚಿತ್ರಕಾರನಿದ್ದಾನೆ. ಕಾಬೂಲಿನಿಂದ 1585ರಲ್ಲಿ ಅಕ್ಬರನ ಬಳಿಗೆ ಬಂದ ಅವನ ಸುದ್ದಿ 1600ರ ಸುಮಾರಿಗೆ ನಿಂತುಹೋಗುತ್ತದೆ. 1609ರ ಸುಮಾರಿಗೆ ಜಹಾಂಗೀರನು ಅವನಿಗೆ ಎರಡು ಸಾವಿರ ರೂಪಾಯಿ ಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ನಮೂದಿಸುತ್ತಾನೆ. ನಡುವಿನ ವರ್ಷಗಳಲ್ಲಿ ಅವನು ಎಲ್ಲಿದ್ದನು? ಅದೇ ವರ್ಷಗಳಲ್ಲಿ ವಿಜಯಪುರದಲ್ಲಿ ಫರ್ರುಖ್ ಹುಸೇನನೆಂಬ ಚಿತ್ರಕಾರನ ಕೀರ್ತಿ ಹಬ್ಬಿತ್ತು. ಇಬ್ಬರೂ ಒಬ್ಬನೇ ಎಂದು ಸ್ಕೆಲ್ಟನ್ 1957ರಲ್ಲಿ ಬರೆದ ಲೇಖನದಲ್ಲಿ ವಾದಿಸಿದನು. ಆರಂಭದಲ್ಲಿ ಇದನ್ನು ಎಲ್ಲರೂ ಒಪ್ಪಲಿಲ್ಲ. ಪ್ರಾಗ್‌ನ ಹಾಳೆಯ ಮೇಲಿನ ಬರಹವು ಮೊಗಲ್ ಚಿತ್ರಕಾರನನ್ನೂ ವಿಜಯಪುರದ ಸುಲ್ತಾನನನ್ನೂ ಒಂದೇ ಕಡೆ ಹೆಸರಿಸಿರುವುದು ಈ ವಾದಕ್ಕೆ ಬಲವಾದ ಆಧಾರವಾಯಿತು. 1990ರ ದಶಕದಲ್ಲಿ ಜಾನ್ ಸೈಲರ್‌ನ ಸಂಶೋಧನೆ ಅದನ್ನು ಇನ್ನಷ್ಟು ದೃಢಪಡಿಸಿತು. ಜಹಾಂಗೀರನ ಸಂಪುಟಕ್ಕೆ ಸೇರದೆ ಹೋಗಿದ್ದರೆ ಆ ಹಾಳೆಯ ಮೇಲೆ ಬರಹವೂ ಇರುತ್ತಿರಲಿಲ್ಲ.

ಇಂದಿನ ಸ್ಥಿತಿ

ಕಿತಾಬ್-ಎ-ನವರಸದ ಹಸ್ತಪ್ರತಿಗಳಲ್ಲಿ ಕೆಲವು ಹೈದರಾಬಾದಿನ ಸಂಗ್ರಹಗಳಲ್ಲಿವೆ. ವಿದ್ವಾಂಸ ನಜೀರ್ ಅಹಮದ್ ಅವರು ಹಲವು ಪ್ರತಿಗಳನ್ನು ಹೋಲಿಸಿ ಸಂಪಾದಿಸಿದ ಆವೃತ್ತಿಯು 1956ರಲ್ಲಿ ಪ್ರಕಟವಾಯಿತು. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯವು ದಖ್ಖನಿನ ಸುಲ್ತಾನರ ಕಾಲದ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಇಬ್ರಾಹಿಮನ ಕಾಲದ ಅನೇಕ ಚಿತ್ರಗಳು ಬೇರೆ ಬೇರೆ ದೇಶಗಳಿಂದ ಬಂದು ಕೆಲವು ತಿಂಗಳು ಒಂದೇ ಸೂರಿನಡಿ ಇದ್ದವು. ಅದೇ ಸಂಗ್ರಹಾಲಯದಲ್ಲಿರುವ, 1680ರ ಸುಮಾರಿನ ಚಿತ್ರವೊಂದರಲ್ಲಿ ಆದಿಲ್‌ಶಾಹಿ ಮನೆತನದ ಸುಲ್ತಾನರೆಲ್ಲ ಸಾಲಾಗಿ ಕುಳಿತಿದ್ದಾರೆ. ಇಬ್ರಾಹಿಮನೂ ಅವರ ನಡುವೆ ಇದ್ದಾನೆ. ರಾಜ್ಯ ಅಳಿಯುವ ಕೆಲವೇ ವರ್ಷ ಮೊದಲು ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು ಸೇರಿ ಇದನ್ನು ರಚಿಸಿದರು.

ವಿಜಯಪುರದಲ್ಲಿ ಈತನ ಕಾಲದ್ದಾಗಿ ನೋಡಲು ಸಿಗುವುದು ಮುಖ್ಯವಾಗಿ ಕಲ್ಲಿನ ಕೆಲಸ. ಇಬ್ರಾಹಿಂ ರೋಜಾ ಸುಸ್ಥಿತಿಯಲ್ಲಿದ್ದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ನವರಸಪುರದ ಅವಶೇಷಗಳಲ್ಲಿ ಸಂಗೀತ ಮಹಲ್ ಎಂಬ ಕಟ್ಟಡದ ಎತ್ತರದ ಕಮಾನುಗಳು ತೊರವಿಯ ರಸ್ತೆಯ ಕಡೆಯಿಂದ ಕಾಣುತ್ತವೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯದಲ್ಲಿ ಆದಿಲ್‌ಶಾಹಿ ಕಾಲದ ಶಾಸನಗಳು, ಹಸ್ತಪ್ರತಿಗಳು, ಆಯುಧಗಳು ಮತ್ತು ಚಿತ್ರಗಳು ಪ್ರದರ್ಶನಕ್ಕಿವೆ.